ಎಣ್ಣೆಯೂ ಚರ್ಮವೂ



“ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ” ಎಂಬ ಗಾದೆ ತಮಗೆಲ್ಲ ತಿಳಿದಿರುವುದಷ್ಟೆ. ಕೈಗೆ ಬಂದ ಅನುಕೂಲವನ್ನು ಕಳೆದುಕೊಳ್ಳುವವನನ್ನು ಕುರಿತು ಹೀಗೆ ಹೇಳುವುದು ವಾಡಿಕೆ. ಮೈಗೆ ಹಚ್ಚುವ ಎಣ್ಣೆಯ ವಿಚಾರದಲ್ಲಿ ಈ ಮಾತನ್ನು ಸ್ವಲ್ಪ ಬೇರೆ ಅರ್ಥದಲ್ಲಿ ನಮಗೇ ಅನ್ವಯಿಸಿಕೊಳ್ಳಬಹುದೆಂದು ತೋರುತ್ತದೆ. ಎಣ್ಣೆಯನ್ನು ಹಚ್ಚಿಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುವುದು ಸಹಜವೇ. ಆದರೆ ಅದನ್ನು ಆರಿಸಿಕೊಳ್ಳುವಾಗಲೂ ನಾವು ಕಣ್ಣು ಮುಚ್ಚಿಕೊಂಡೇ ಇರುತ್ತೇವೆ. ಮನೆಯಲ್ಲಿ ತಲೆತಲಾಂತರದಿಂದ ಬಂದ ಎಣ್ಣೆಯೊಂದು, ಇಲ್ಲವೇ ಅಂಗಡಿಯ ಸೀಸೆಯ ಮೇಲೆ ಅಂದವಾಗಿ ಅಚ್ಚಾದ ಹೆಸರೊಂದು, ಇವೆರಡೇ ನಮ್ಮ ಆಯ್ಕೆಗೆ ಆಧಾರ. ಯಾರ ಮೈಗೆ ಹಚ್ಚಬೇಕಾಗಿದೆಯೋ ಅವರ ಚರ್ಮದ ಸ್ಥಿತಿಯೇನೆಂದು ವಿಚಾರಿಸುವವರು ವಿರಳ.

“ಯಾವ ಎಣ್ಣೆ ಒಳ್ಳೆಯದು?” ಎಂದು ಕರಾವಳಿಯವರನ್ನು ಕೇಳಿದರೆ ಕೊಬ್ಬರಿ ಎಣ್ಣೆ ಎನ್ನುವರು, ಹಳೆಯ ಮೈಸೂರು ಸೀಮೆಯ ಹಿರಿಯರನ್ನು ಕೇಳಿದರೆ ಎಳ್ಳೆಣ್ಣೆ ಅಥವಾ ಹರಳೆಣ್ಣೆ ಎನ್ನುವರು, ವಿಜಾಪುರ, ಕಲಬುರ್ಗಿಗಳ ಕಡೆ ಕುಸುಬೆಯ ಹೆಸರು ಬಂದೀತು. ಉತ್ತರ ಹಿಂದೂಸ್ಥಾನದವರು ಸಾಸುವೆ ಎಣ್ಣೆಗೆ ಸಮನಾದುದಿಲ್ಲವೆಂದು ವಾದಿಸಿಯಾರು. ಇಟಲಿ, ಗ್ರೀಸ್ ದೇಶದವರಿಗೆ ಆಲಿವ್ ಎಣ್ಣೆಯೇ ಸರ್ವಸ್ವ. ಇವರೆಲ್ಲರ ಚರ್ಮವೂ ಬೇರೆಬೇರೆಯಾಗಿರುವುದರಿಂದ ಉತ್ತರಗಳು ಬೇರೆಯಾದುವೇ? ಹಾಗಲ್ಲ. ಆಯಾ ಸೀಮೆಯ ಬೆಳೆಯೇ ಆಯಾ ಸೀಮೆಯ ಅಭ್ಯಂಜನದ ಎಣ್ಣೆಯಾಯಿತು. ಹೊಲದಲ್ಲಿ ಏನು ಬೆಳೆಯಿತೋ, ಗಾಣದಲ್ಲಿ ಏನು ಇಳಿಯಿತೋ, ಅದು ಅಡಿಗೆಮನೆಗೂ ಬಂದಿತು, ಬಚ್ಚಲಮನೆಗೂ ಬಂದಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳೆಯ ಅನುಕೂಲದಿಂದ ಹುಟ್ಟಿದ ವಾಡಿಕೆಯನ್ನು ಚರ್ಮದ ಶಾಸ್ತ್ರವೆಂದು ಭಾವಿಸುವುದು ಮಾತ್ರ ಸರಿಯಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದ್ದರೆಂದು ಹೇಳಬೇಕು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ನಿತ್ಯವೂ ಆಚರಿಸಬೇಕೆಂಬ ವಿಧಿಯುಂಟು. ಅದು ಎಲ್ಲರಿಗೂ ತಿಳಿದ ಮಾತು. ಅದರ ಬೆನ್ನಿಗೇ, ಕಫದಿಂದ ಪೀಡಿತರಾದವರು, ಶೋಧನ ಚಿಕಿತ್ಸೆ ಪಡೆದವರು, ಅಜೀರ್ಣವುಳ್ಳವರು ಅದನ್ನು ಬಿಡಬೇಕೆಂಬ ನಿಷೇಧವೂ ಉಂಟು. ವಿಧಿಯನ್ನು ನೆನಪಿನಲ್ಲಿಟ್ಟುಕೊಂಡು ನಿಷೇಧವನ್ನು ಮರೆತವರು ನಾವು. ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ವಿಧಿಯೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ಇಂದಿನ ರಸಾಯನಶಾಸ್ತ್ರವೂ ಚರ್ಮಶಾಸ್ತ್ರವೂ ಬೇರೆ ದಾರಿಯಿಂದ ಬಂದು ಇದೇ ವಿವೇಕವನ್ನು ಬೋಧಿಸುತ್ತಿವೆ.

ಮೊದಲು ಚರ್ಮದ ವಿಚಾರ. ನಮ್ಮ ಚರ್ಮದ ತೀರ ಹೊರಗಿನ ಪದರವು ದೇಹದ ಬಹುಭಾಗದಲ್ಲಿ ಬರೆಯುವ ಕಾಗದದ ದಪ್ಪದ ಐದನೆಯ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ. ಇಷ್ಟು ತೆಳುವಾದ ಪದರವೇ ಒಳಗಿನ ನೀರು ಆರಿಹೋಗದಂತೆಯೂ, ಹೊರಗಿನ ರೋಗಾಣುಗಳು ಒಳಹೊಗದಂತೆಯೂ ನಮ್ಮನ್ನು ಕಾಪಾಡುತ್ತಿರುವುದು. ಇದರ ರಚನೆಯನ್ನು ವಿಜ್ಞಾನಿಗಳು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಜೀವ ಕಳೆದು ಚಪ್ಪಟೆಯಾದ ಕಣಗಳು ಇಟ್ಟಿಗೆಗಳು. ಅವುಗಳ ನಡುವೆ ಪದರಪದರವಾಗಿ ತುಂಬಿರುವ ಜಿಡ್ಡು ಗಾರೆ. ಆ ಗಾರೆಯಲ್ಲಿ ಮುಖ್ಯವಾಗಿ ಮೂರು ದ್ರವ್ಯಗಳಿವೆ: ಸೆರಾಮೈಡ್, ಕೊಲೆಸ್ಟರಾಲ್, ಮೇದಾಮ್ಲಗಳು. ಇಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಗಾರೆ ಉದುರಿದ ಗೋಡೆ ಸೋರುವಂತೆ, ಈ ಜಿಡ್ಡಿನ ಏರ್ಪಾಡು ಕೆಟ್ಟರೆ ಚರ್ಮವೂ ಸೋರುತ್ತದೆ. ಒಣಗುವುದು, ಬಿರಿಯುವುದು, ತುರಿಸುವುದು, ಕೆಂಪಾಗುವುದು, ಇವೆಲ್ಲ ಆ ಸೋರಿಕೆಯ ಕುರುಹುಗಳು.

ಇದಲ್ಲದೆ ಚರ್ಮದೊಳಗಿನ ಸಣ್ಣ ಗ್ರಂಥಿಗಳಿಂದ ಬೇರೊಂದು ಬಗೆಯ ಜಿಡ್ಡು ಹೊರಕ್ಕೆ ಸ್ರವಿಸುತ್ತದೆ. ಹಣೆ, ಮೂಗು, ಎದೆ, ಬೆನ್ನುಗಳಲ್ಲಿ ಈ ಗ್ರಂಥಿಗಳು ಹೆಚ್ಚು. ಕಾಲು ಕೈಗಳಲ್ಲಿ ಕಡಮೆ. ಹರೆಯದಲ್ಲಿ ಇವುಗಳ ಕೆಲಸ ಜೋರಾಗುವುದು, ಮುಪ್ಪಿನಲ್ಲಿ ತಗ್ಗುವುದು. ಆದುದರಿಂದ ಒಬ್ಬನೇ ಮನುಷ್ಯನಲ್ಲಿ ಮುಖವು ಜಿಡ್ಡಾಗಿಯೂ ಮೊಣಕಾಲು ಒಣಗಿಯೂ ಇರಬಹುದು. ಇಪ್ಪತ್ತರಲ್ಲಿ ಜಿಡ್ಡಾಗಿದ್ದ ಮುಖ ಅರುವತ್ತರಲ್ಲಿ ಒಣಗಬಹುದು. ಚರ್ಮದ ಬಗೆಯೆಂಬುದು ಜಾತಕದಲ್ಲಿ ಬರೆದಿಟ್ಟ ನಕ್ಷತ್ರವಲ್ಲ. ವಯಸ್ಸು, ಋತು, ದೇಹದ ಭಾಗ, ಇವುಗಳೊಡನೆ ಬದಲಾಗುವ ಸ್ಥಿತಿ ಅದು.

ಇನ್ನು ಎಣ್ಣೆಯ ವಿಚಾರ. ಗಿಡಮರಗಳ ಬೀಜದಿಂದ ಬರುವ ಎಣ್ಣೆಗಳೆಲ್ಲ ನೋಟಕ್ಕೆ ಒಂದೇ ತೆರನಾಗಿದ್ದರೂ ಅವುಗಳೊಳಗಿನ ಮೇದಾಮ್ಲಗಳು ಬೇರೆಬೇರೆ. ನಮ್ಮ ಪ್ರಯೋಜನಕ್ಕೆ ಮೂರು ಹೆಸರುಗಳನ್ನು ನೆನಪಿನಲ್ಲಿಟ್ಟರೆ ಸಾಕು: ಲಾರಿಕ್, ಓಲಿಯಿಕ್, ಲಿನೋಲಿಯಿಕ್. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಲಾರಿಕ್ ಆಮ್ಲ. ಆಲಿವ್ ಮತ್ತು ಬಾದಾಮಿ ಎಣ್ಣೆಗಳಲ್ಲಿ ಓಲಿಯಿಕ್ ಪ್ರಧಾನ. ಕುಸುಬೆ ಮತ್ತು ಸೂರ್ಯಕಾಂತಿಗಳ ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಲಿನೋಲಿಯಿಕ್ ಪ್ರಧಾನ. ಎಳ್ಳೆಣ್ಣೆಯಲ್ಲಿ ಓಲಿಯಿಕ್, ಲಿನೋಲಿಯಿಕ್‌ಗಳೆರಡೂ ಬಹುಮಟ್ಟಿಗೆ ಸಮಭಾಗ. ಕಡಲೆಕಾಯಿ ಎಣ್ಣೆಯಲ್ಲಿ ಓಲಿಯಿಕ್ ಮುಂದು, ಲಿನೋಲಿಯಿಕ್ ಹಿಂದು. ಹರಳೆಣ್ಣೆ ಇವಾವುದಕ್ಕೂ ಸೇರದ ಒಂಟಿ ಕುಲ. ಅದರಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮೇಲ್ಪಟ್ಟು ರಿಸಿನೋಲಿಯಿಕ್ ಎಂಬ ಆಮ್ಲವಿರುವುದರಿಂದಲೇ ಅದಕ್ಕೆ ಅಷ್ಟು ಸಾಂದ್ರತೆ.

ಈ ಭೇದಗಳಿಂದ ಚರ್ಮಕ್ಕೇನು ಎಂದು ತಾವು ಕೇಳಬಹುದು. 1929ರಲ್ಲಿ ಅಮೆರಿಕಾ ದೇಶದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ದಂಪತಿಗಳು ಇಲಿಗಳಿಗೆ ಕೊಬ್ಬಿನ ಅಂಶವೇ ಇಲ್ಲದ ಆಹಾರವನ್ನು ಕೊಟ್ಟು ನೋಡಿದರು. ಕೆಲವು ಕಾಲದಲ್ಲಿ ಇಲಿಗಳ ಬಾಲವೂ ಪಾದಗಳೂ ಹೊಟ್ಟೇಳತೊಡಗಿದವು, ಬೆಳವಣಿಗೆ ನಿಂತಿತು. ಲಿನೋಲಿಯಿಕ್ ಆಮ್ಲವನ್ನು ಕೊಟ್ಟಾಗ ಚರ್ಮ ಮೊದಲಿನಂತಾಯಿತು. ದೇಹವು ತಾನೇ ತಯಾರಿಸಿಕೊಳ್ಳಲಾರದ, ಹೊರಗಿನಿಂದಲೇ ಪಡೆಯಬೇಕಾದ ಮೇದಾಮ್ಲವೊಂದು ಇದೆಯೆಂದು ಹೀಗೆ ಸಿದ್ಧವಾಯಿತು. ನಾನು ಮೇಲೆ ಹೇಳಿದ ಗಾರೆಯ ಸೆರಾಮೈಡ್‌ಗಳಲ್ಲಿ ಬಹು ಮುಖ್ಯವಾದ ಕೆಲವಕ್ಕೆ ಲಿನೋಲಿಯಿಕ್ ಆಮ್ಲವೇ ಘಟಕದ್ರವ್ಯ. 1975ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಈ ಆಮ್ಲದ ಕೊರತೆಯಿಂದ ಚರ್ಮ ಕೆಟ್ಟಿದ್ದ ರೋಗಿಗಳ ಮೈಗೆ ಸೂರ್ಯಕಾಂತಿ ಎಣ್ಣೆಯನ್ನು ಹೊರಗಿನಿಂದ ಹಚ್ಚಿದುದರಿಂದಲೇ ಗುಣ ಕಂಡುಬಂದಿತು. ಚರ್ಮವು ತನಗೆ ಬೇಕಾದುದನ್ನು ಲೇಪನದಿಂದಲೂ ತಕ್ಕಮಟ್ಟಿಗೆ ಹೀರಿಕೊಳ್ಳಬಲ್ಲದೆಂದು ಇದರಿಂದ ವ್ಯಕ್ತವಾಗುತ್ತದೆ.

ಓಲಿಯಿಕ್ ಆಮ್ಲದ ಕಥೆ ಇದಕ್ಕೆ ವಿರುದ್ಧವಾದುದು. ಅದು ಗಾರೆಯ ಪದರಗಳ ನಡುವೆ ನುಗ್ಗಿ ಅವುಗಳ ಅಚ್ಚುಕಟ್ಟನ್ನು ಸಡಿಲಿಸುತ್ತದೆ. ಔಷಧಗಳನ್ನು ಚರ್ಮದ ಮೂಲಕ ಒಳಕ್ಕೆ ಕಳುಹಿಸಬೇಕಾದಾಗ ಔಷಧಶಾಸ್ತ್ರಜ್ಞರು ಇದೇ ಗುಣವನ್ನು ಬಳಸಿಕೊಳ್ಳುವುದುಂಟು. ಬಾಗಿಲನ್ನು ತೆರೆಯುವ ಆ ಗುಣವು ಬಾಗಿಲನ್ನು ಮುಚ್ಚಿರಬೇಕಾದ ಕಡೆ ಹಾನಿಯೇ ಆದೀತು. ಇಂಗ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 19 ಮಂದಿ ವಯಸ್ಕರು ಭಾಗವಹಿಸಿದ್ದರು. ಮುಂದೋಳಿಗೆ ದಿನಕ್ಕೆರಡಾವರ್ತಿ ಆರಾರು ತೊಟ್ಟು ಎಣ್ಣೆಯನ್ನು ನಾಲ್ಕೈದು ವಾರಗಳ ಕಾಲ ಹಚ್ಚಲಾಯಿತು. ಆಲಿವ್ ಎಣ್ಣೆ ಹಚ್ಚಿದ ಕಡೆ ಹೊರಪದರದ ಬಿಗಿ ತಗ್ಗಿ, ಚರ್ಮ ಸ್ವಲ್ಪ ಕೆಂಪೇರಿತು. ಸೂರ್ಯಕಾಂತಿ ಎಣ್ಣೆ ಹಚ್ಚಿದ ಕಡೆ ಬಿಗಿ ಕೆಡದೆ ಉಳಿಯಿತು. ಪರೀಕ್ಷೆ ಚಿಕ್ಕದು, ಒಪ್ಪತಕ್ಕ ಮಾತು. ಆದರೂ ಸಾವಿರಾರು ವರ್ಷಗಳ ಕೀರ್ತಿಯುಳ್ಳ, ಬೆಲೆಯಲ್ಲಿಯೂ ಮೇಲಾದ ಆಲಿವ್ ಎಣ್ಣೆ ಸೋತು, 1970ರ ದಶಕದ ಅನಂತರವೇ ನಮ್ಮ ಹೊಲಗಳಲ್ಲಿ ಹರಡಿದ ಸೂರ್ಯಕಾಂತಿ ಗೆದ್ದುದು ವಿಚಾರಾರ್ಹವಾದುದು. ಚರ್ಮಕ್ಕೆ ಎಣ್ಣೆಯ ವಂಶಾವಳಿಯೂ ತಿಳಿಯದು, ಬೆಲೆಯೂ ತಿಳಿಯದು.

ಈ ತತ್ತ್ವವನ್ನು ಹಿಡಿದುಕೊಂಡು ಒಂದೊಂದು ಬಗೆಯ ಚರ್ಮವನ್ನು ನೋಡೋಣ.

ಮೊದಲನೆಯದು ಒಣಚರ್ಮ. ಇಲ್ಲಿ ಒಂದು ತಪ್ಪು ಭಾವನೆಯನ್ನು ತೆಗೆದುಹಾಕಬೇಕು. ಎಣ್ಣೆಯು ಚರ್ಮಕ್ಕೆ ನೀರನ್ನು ಕೊಡುವುದಿಲ್ಲ; ಇರುವ ನೀರು ಹಾರಿಹೋಗದಂತೆ ತಡೆಯುತ್ತದೆ, ಅಷ್ಟೇ. ಒಣಗಿದ ಕೆರೆಗೆ ಏರಿ ಹಾಕಿದರೆ ನೀರು ಬಾರದು. ಆದುದರಿಂದ ಒಣಚರ್ಮದವರು ಸ್ನಾನವಾದ ಮೇಲೆ ಮೈಯನ್ನು ಮೆಲ್ಲನೆ ಒತ್ತಿ ಒರಸಿಕೊಂಡು, ಪಸೆ ಆರುವುದಕ್ಕೆ ಮೊದಲೇ ಕೆಲವು ತೊಟ್ಟು ಎಣ್ಣೆಯನ್ನು ತೆಳುವಾಗಿ ಸವರಿಕೊಳ್ಳುವುದು ಲೇಸು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆಗಳು ಈ ಕೆಲಸಕ್ಕೆ ಯೋಗ್ಯವಾದುವು. ನಮ್ಮ ಅಭ್ಯಂಜನದ ಕ್ರಮದಲ್ಲಿ ಎಣ್ಣೆ ಮೊದಲು, ಸ್ನಾನ ಆಮೇಲೆ. ಹಚ್ಚಿದ ಎಣ್ಣೆಯನ್ನು ಸೀಗೆಪುಡಿಯಿಂದಲೋ ಕಡಲೆಹಿಟ್ಟಿನಿಂದಲೋ ತೊಳೆದುಬಿಡುತ್ತೇವೆ. ಯುಗಾದಿ ದೀಪಾವಳಿಗಳಲ್ಲಿ ಅದರ ಸುಖವೇ ಸುಖ. ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆದರೆ ಕುದಿವ ನೀರು, ಒರಟಾದ ಉಜ್ಜುವಿಕೆ, ಇವುಗಳಿಂದ ಮೈಯ ಸ್ವಂತ ಜಿಡ್ಡೂ ಹೊರಟುಹೋಗಿ, ಒಣಚರ್ಮದವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾದೀತು. ಅವರು ಉಗುರುಬೆಚ್ಚನೆಯ ನೀರನ್ನು ಬಳಸಿ, ಸ್ನಾನಾನಂತರ ಸ್ವಲ್ಪ ಎಣ್ಣೆಯನ್ನು ಮತ್ತೆ ಸವರಿಕೊಳ್ಳಲಿ.

ಬಿರಿದ ಹಿಮ್ಮಡಿ, ಒಡೆದ ತುಟಿಗಳ ಮಾತು ಬೇರೆ. ಅಲ್ಲಿ ತೆಳುವಾದ ಎಣ್ಣೆ ನಿಲ್ಲದು; ಸಾಂದ್ರವಾದುದು ಬೇಕು. ಹರಳೆಣ್ಣೆ ಇಲ್ಲಿ ಉಪಯುಕ್ತ. ಮಲೆನಾಡಿನವರೂ ಉತ್ತರ ಕನ್ನಡದವರೂ ಚಳಿಗಾಲದಲ್ಲಿ ಬಳಸುವ ಮುರುಗಲ ತುಪ್ಪ ಇದಕ್ಕೆ ಇನ್ನೂ ಸೊಗಸಾದುದು. ಮುರುಗಲ ಹಣ್ಣಿನ ಬೀಜದಿಂದ ತೆಗೆದ ಈ ಮೇದಸ್ಸಿನಲ್ಲಿ ಸ್ಟಿಯರಿಕ್ ಆಮ್ಲ ವಿಶೇಷವಾಗಿರುವುದರಿಂದ ಅದು ಕೋಣೆಯ ಶಾಖದಲ್ಲಿ ಮೇಣದಂತೆ ಗಟ್ಟಿಯಾಗಿದ್ದು, ಮೈಯ ಶಾಖ ತಗುಲಿದರೆ ಮೃದುವಾಗುತ್ತದೆ. ಬಿರುಕನ್ನು ಮುಚ್ಚಿ ನಿಲ್ಲುತ್ತದೆ. ಮನೆಯ ಹಿತ್ತಿಲಿನಲ್ಲಿ ಇಂಥ ವಸ್ತುವಿರುವಾಗ ದೂರದೇಶದ ಸೀಸೆಗೆ ಹಂಬಲಿಸುವುದೇಕೆ?

ಎರಡನೆಯದು ಜಿಡ್ಡಿನ ಚರ್ಮ, ಅದರಲ್ಲಿಯೂ ಮೊಡವೆಗಳುಳ್ಳ ಹರೆಯದವರ ಮುಖ. ನಮ್ಮ ಮನೆಗಳಲ್ಲಿ ತಾಯಂದಿರಿಗೂ ಮಕ್ಕಳಿಗೂ ನಡೆಯುವ ಜಗಳಗಳಲ್ಲಿ ಎಣ್ಣೆಯ ಜಗಳವೂ ಒಂದು. ತಾಯಿ ಎಣ್ಣೆ ಹಚ್ಚಿಕೋ ಎನ್ನುವಳು. ಮಗಳು ಮೊಡವೆ ಏಳುತ್ತದೆ ಎನ್ನುವಳು. ಈ ವ್ಯಾಜ್ಯದಲ್ಲಿ ಶಾಸ್ತ್ರವು ಬಹುಮಟ್ಟಿಗೆ ಮಗಳ ಪಕ್ಷ. 1970ರಲ್ಲಿ ಅಮೆರಿಕಾ ದೇಶದ ಚರ್ಮವೈದ್ಯರು, ತಲೆಗೆ ಜಿಡ್ಡಿನ ಲೇಪಗಳನ್ನು ಹಚ್ಚುವವರ ಹಣೆಯಲ್ಲಿಯೂ ಕಣತಲೆಯಲ್ಲಿಯೂ ಒತ್ತೊತ್ತಾಗಿ ಏಳುವ ಒಂದು ಬಗೆಯ ಮೊಡವೆಯನ್ನು ವರ್ಣಿಸಿ, ಅದಕ್ಕೆ ಆ ಲೇಪದ ಹೆಸರನ್ನೇ ಇಟ್ಟರು. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುವ ನಮ್ಮಲ್ಲಿಯೂ ಇದು ಅಪರಿಚಿತವಲ್ಲ. ಮೊಡವೆಯುಳ್ಳವರ ಚರ್ಮದ ಜಿಡ್ಡಿನಲ್ಲಿ ಲಿನೋಲಿಯಿಕ್ ಆಮ್ಲದ ಪಾಲು ಕಡಮೆಯಿರುವುದೂ ಗೊತ್ತಾಗಿದೆ. ಆದುದರಿಂದ ಇಂಥವರು ಮುಖಕ್ಕೆ ಎಣ್ಣೆಯನ್ನು ಹಚ್ಚದಿರುವುದೇ ಉತ್ತಮ. ಮೊಡವೆಯಿಲ್ಲದೆ ಬರಿಯ ಜಿಡ್ಡು ಮಾತ್ರವಿದ್ದು, ಚಳಿಗಾಲದಲ್ಲಿ ಮುಖ ಬಿಗಿದಂತಾದರೆ, ಕುಸುಬೆ ಅಥವಾ ಸೂರ್ಯಕಾಂತಿಯಂಥ ತೆಳುವಾದ, ಲಿನೋಲಿಯಿಕ್ ಪ್ರಧಾನವಾದ ಎಣ್ಣೆಯ ಎರಡು ಮೂರು ತೊಟ್ಟು ಸಾಕು. ಕೊಬ್ಬರಿ ಎಣ್ಣೆಯೂ ಬಾದಾಮಿ ಎಣ್ಣೆಯೂ ಇವರ ಮುಖಕ್ಕೆ ಹೊಂದುವುದು ಕಡಮೆ. ಇಂಥಿಂಥ ಎಣ್ಣೆ ರಂಧ್ರಗಳನ್ನು ಇಷ್ಟಿಷ್ಟು ಮುಚ್ಚುತ್ತದೆಂದು ಅಂಕಗಳನ್ನು ಕೊಟ್ಟಿರುವ ಪಟ್ಟಿಗಳನ್ನು ತಾವು ನೋಡಿರಬಹುದು. ಅವುಗಳಲ್ಲಿ ಅನೇಕ ಅಂಕಗಳು ಮೊಲದ ಕಿವಿಯ ಮೇಲೆ ನಡೆಸಿದ ಪರೀಕ್ಷೆಗಳಿಂದ ಬಂದುವು; ಮೊಲದ ಕಿವಿಗೂ ಮನುಷ್ಯನ ಕೆನ್ನೆಗೂ ಅಂತರವುಂಟೆಂಬುದನ್ನು ಮರೆಯಬಾರದು.

ತಲೆಯ ಹೊಟ್ಟನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೊಟ್ಟೇಳುವುದನ್ನು ಕಂಡೊಡನೆ ತಲೆ ಒಣಗಿದೆಯೆಂದು ಎಣ್ಣೆಯನ್ನು ಇನ್ನಷ್ಟು ಸುರಿಯುವುದು ನಮ್ಮ ಪದ್ಧತಿ. ಆದರೆ ಸಾಮಾನ್ಯವಾದ ಹೊಟ್ಟಿನ ಹಿಂದೆ ಮಲಸ್ಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರದ ಕೈವಾಡವಿದೆ. ಜಿಡ್ಡೇ ಅದರ ಆಹಾರ. ಅದು ಜಿಡ್ಡನ್ನು ಒಡೆದಾಗ ಬಿಡುಗಡೆಯಾಗುವ ಓಲಿಯಿಕ್ ಆಮ್ಲವು, ಅದಕ್ಕೆ ಸೂಕ್ಷ್ಮವಾಗಿರುವವರ ತಲೆಯಲ್ಲಿ ಹೊಟ್ಟೆಬ್ಬಿಸುತ್ತದೆಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಹೊಟ್ಟುಳ್ಳ ತಲೆಗೆ ರಾತ್ರಿಯೆಲ್ಲ ಎಣ್ಣೆ ನೆನೆಸುವುದು ಕಳ್ಳನಿಗೆ ಊಟವಿಟ್ಟಂತೆ. ಕೂದಲಿನ ರಕ್ಷಣೆಗೆ ಕೊಬ್ಬರಿ ಎಣ್ಣೆ ಒಳ್ಳೆಯದೆಂಬುದು ನಿಜ. ಅದನ್ನು ಬುಡಕ್ಕೆ ತಾಕಿಸದೆ ಕೂದಲಿನ ಉದ್ದಕ್ಕೆ ಹಚ್ಚಿ, ತೊಳೆದುಕೊಂಡರೆ ಎರಡು ಪ್ರಯೋಜನಗಳೂ ಉಳಿಯುತ್ತವೆ.

ಮೂರನೆಯದು ಸೂಕ್ಷ್ಮವಾದ ಚರ್ಮ ಮತ್ತು ಇಸಬಿಗೆ ಈಡಾಗುವ ಚರ್ಮ. ಇಲ್ಲಿ ಗಾರೆಯು ಹುಟ್ಟಿನಿಂದಲೇ ದುರ್ಬಲ. ಆದುದರಿಂದ ಗಾರೆಯನ್ನು ಸಡಿಲಿಸುವ ಆಲಿವ್ ಎಣ್ಣೆ ಇವರಿಗೆ ಹಿತವಲ್ಲ. ಕೊಬ್ಬರಿ ಎಣ್ಣೆಯ ಪಕ್ಷದಲ್ಲಿ ಒಳ್ಳೆಯ ಸಾಕ್ಷ್ಯವುಂಟು. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಇಸಬಿನಿಂದ ನರಳುತ್ತಿದ್ದ 117 ಮಕ್ಕಳಲ್ಲಿ ಕೆಲವರಿಗೆ ಶುದ್ಧ ಕೊಬ್ಬರಿ ಎಣ್ಣೆಯನ್ನೂ ಉಳಿದವರಿಗೆ ಖನಿಜ ತೈಲವನ್ನೂ ಎಂಟು ವಾರ ಹಚ್ಚಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ರೋಗದ ತೀವ್ರತೆ ಕೊಬ್ಬರಿ ಎಣ್ಣೆಯವರಲ್ಲಿ ನೂರಕ್ಕೆ 68ರಷ್ಟೂ, ಖನಿಜ ತೈಲದವರಲ್ಲಿ ನೂರಕ್ಕೆ 38ರಷ್ಟೂ ಇಳಿದಿತ್ತು. ಆ ಮಕ್ಕಳ ರೋಗ ಅಲ್ಪ ಅಥವಾ ಮಧ್ಯಮ ಪ್ರಮಾಣದ್ದು. ಉಲ್ಬಣವಾದ ಇಸಬಿಗೆ ವೈದ್ಯರ ಔಷಧವೇ ಬೇಕು, ಎಣ್ಣೆ ಅದರ ಸಹಾಯಕ ಮಾತ್ರ.

ಕಡಲೆಕಾಯಿ ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲೆಂಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶೈಶವದಲ್ಲಿ ಕೆಂಪೆದ್ದ ಚರ್ಮಕ್ಕೆ ಕಡಲೆಕಾಯಿ ಎಣ್ಣೆಯಿರುವ ಲೇಪಗಳನ್ನು ಹಚ್ಚಿಸಿಕೊಂಡಿದ್ದ ಮಕ್ಕಳಲ್ಲಿ, ಮುಂದೆ ಕಡಲೆಕಾಯಿ ಒಗ್ಗದಿರುವುದು ಹೆಚ್ಚಾಗಿ ಕಂಡುಬಂದಿತು. ಗಾಣದ ಎಣ್ಣೆಯಲ್ಲಿ ಬೀಜದ ಸಾರಜನಕಾಂಶ ಸ್ವಲ್ಪ ಉಳಿದಿರುತ್ತದೆ. ಒಡೆದ ಚರ್ಮದ ಮೂಲಕ ಅದು ಒಳಹೊಕ್ಕರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಇಸಬುಳ್ಳ ಶಿಶುವಿಗೆ ಈ ಎಣ್ಣೆಯನ್ನು ಹಚ್ಚದಿರುವುದೇ ವಿವೇಕ.

ಈಗ ನಾಲ್ಕನೆಯದಕ್ಕೆ, ಎಲ್ಲಕ್ಕಿಂತ ಮುಖ್ಯವಾದುದಕ್ಕೆ ಬರುತ್ತೇನೆ. ಅದು ಹಸುಗೂಸಿನ ಚರ್ಮ. ದೊಡ್ಡವರಿಗೆ ಎಣ್ಣೆಯ ಆಯ್ಕೆ ಅಂದಚೆಂದಗಳ, ಸುಖದ ಮಾತು. ಕೂಸಿಗೆ ಅದು ಕೆಲವು ವೇಳೆ ಪ್ರಾಣದ ಮಾತು. ತಿಂಗಳು ತುಂಬದೆ ಹುಟ್ಟಿದ ಶಿಶುವಿನ ಚರ್ಮ ಪೂರ್ತಿ ಬೆಳೆದಿರುವುದಿಲ್ಲ. ರೋಗಾಣುಗಳು ಅದರ ಮೂಲಕವೇ ರಕ್ತವನ್ನು ಸೇರಬಹುದು. ಢಾಕಾ ನಗರದ ಶಿಶು ಆಸ್ಪತ್ರೆಯಲ್ಲಿ ಇಂಥ ಶಿಶುಗಳ ಮೈಗೆ ಸೂರ್ಯಕಾಂತಿ ಎಣ್ಣೆಯನ್ನು ಕ್ರಮವಾಗಿ ಹಚ್ಚಿ ಪರೀಕ್ಷಿಸಿದರು. ಎಣ್ಣೆ ಹಚ್ಚದ ಶಿಶುಗಳಿಗಿಂತ ಹಚ್ಚಿದ ಶಿಶುಗಳಲ್ಲಿ ಆಸ್ಪತ್ರೆಯಲ್ಲಿ ತಗಲುವ ಸೋಂಕು ನೂರಕ್ಕೆ 41ರಷ್ಟು ಕಡಮೆಯಾಯಿತೆಂದು 2005ರಲ್ಲಿಯೂ, ಮರಣದ ಪ್ರಮಾಣ ನೂರಕ್ಕೆ 26ರಷ್ಟು ತಗ್ಗಿತೆಂದು 2008ರಲ್ಲಿಯೂ ವರದಿಯಾಯಿತು. ಅಡಿಗೆಮನೆಯಲ್ಲಿ ದೊರೆಯುವ, ಅಲ್ಪಬೆಲೆಯ ಎಣ್ಣೆಯೊಂದು ಇಷ್ಟು ಕೆಲಸ ಮಾಡಿತು. ಇದೇ ಸಂಶೋಧಕರು 2002ರಲ್ಲಿ ಇಲಿಗಳ ಚರ್ಮದ ಮೇಲೆ ನಡೆಸಿದ್ದ ಪ್ರಯೋಗದಲ್ಲಿ ಸಾಸುವೆ ಎಣ್ಣೆಯು, ಕೆಟ್ಟ ಚರ್ಮ ಸರಿಹೋಗುವುದನ್ನು ನಿಧಾನಗೊಳಿಸಿತ್ತು. ಒಂದು ಎಣ್ಣೆ ಬೇಲಿಯನ್ನು ಕಟ್ಟಿತು, ಇನ್ನೊಂದು ಕಿತ್ತಿತು. ಹಚ್ಚುವ ಅಜ್ಜಿಯ ಕೈಯಲ್ಲಿದ್ದ ವಾತ್ಸಲ್ಯ ಮಾತ್ರ ಎರಡು ಕಡೆಯೂ ಒಂದೇ.

ಹಾಗೆಂದು ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾದ ಶಿಶುವಿಗೆ ಎಣ್ಣೆ ಅನಿವಾರ್ಯವೆಂದು ತಿಳಿಯಬಾರದು. ಮ್ಯಾಂಚೆಸ್ಟರ್ ನಗರದಲ್ಲಿ 115 ನವಜಾತ ಶಿಶುಗಳ ಮೇಲೆ ನಡೆದು, 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆಲಿವ್, ಸೂರ್ಯಕಾಂತಿಗಳೆರಡೂ ಚರ್ಮದ ತೇವವನ್ನು ಹೆಚ್ಚಿಸಿದರೂ, ಗಾರೆಯ ಪದರಗಳು ಸಹಜವಾಗಿ ಅಚ್ಚುಕಟ್ಟಾಗುವುದನ್ನು ಕೊಂಚ ತಡೆದುವು. ಆರೋಗ್ಯವಂತ ಕೂಸಿನ ಚರ್ಮ ತನ್ನ ಕೆಲಸವನ್ನು ತಾನೇ ಕಲಿಯುತ್ತಿರುತ್ತದೆ. ಮೊದಲ ಕೆಲವು ವಾರ ಅದನ್ನು ಅದರ ಪಾಡಿಗೆ ಬಿಡುವುದರಲ್ಲಿ ನಷ್ಟವಿಲ್ಲ. ಅನಂತರ ಎಣ್ಣೆ ನೀವುವುದಾದರೆ ಶುದ್ಧವಾದ ಕೊಬ್ಬರಿ ಅಥವಾ ಸೂರ್ಯಕಾಂತಿ ಎಣ್ಣೆಯನ್ನು, ಹಗುರವಾದ ಕೈಯಿಂದ, ಅಲ್ಪವಾಗಿ ಹಚ್ಚಬೇಕು. ತಿಂಗಳು ತುಂಬದ ಶಿಶುವಿನ ಮಾತನ್ನಂತೂ ವೈದ್ಯರನ್ನೇ ಕೇಳಬೇಕು. ನಮ್ಮಲ್ಲಿ ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವ ವಾಡಿಕೆಯುಂಟು, ಇದನ್ನು ನಿಲ್ಲಿಸಲೇಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಕಠಿನವಾದ ಕಾಯಿಲೆಯನ್ನು ತರುತ್ತದೆ. ಬೇವಿನ ಎಣ್ಣೆಯನ್ನು ಕೂಸಿಗೆ ಕುಡಿಸುವುದಂತೂ ವಿಷವಿಕ್ಕಿದಂತೆ; ಅದರಿಂದ ಮಿದುಳಿಗೆ ಹಾನಿಯಾದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲೆಯಾಗಿವೆ.

ಕೊನೆಯದಾಗಿ ವೃದ್ಧರ ಚರ್ಮ. ಗ್ರಂಥಿಗಳ ಜಿಡ್ಡು ಬತ್ತಿ, ಗಾರೆ ತೆಳುವಾಗಿ, ಮಾಗಿಯ ಕಾಲದಲ್ಲಿ ರಾತ್ರಿಯೆಲ್ಲ ಕಾಲು ತುರಿಸಿಕೊಳ್ಳುತ್ತ ನಿದ್ದೆಗೆಡುವ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ದಿನವೂ ಸ್ನಾನವಾದ ಮೇಲೆ ಅವರ ಕಾಲಿಗೂ ಕೈಗೂ ಬೆನ್ನಿಗೂ ಸ್ವಲ್ಪ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯನ್ನು ಸವರುವುದು ಬಹಳ ಹಿತಕರ. ಅಂಗಾಲಿಗೆ ಹಚ್ಚಿ ನುಣುಪು ನೆಲದ ಮೇಲೆ ನಡೆಯಲು ಬಿಡಬಾರದು. ಜಾರಿ ಬಿದ್ದರೆ ತುರಿಕೆಗಿಂತ ದೊಡ್ಡ ಸಂಕಟ. ಎಣ್ಣೆ ಹಚ್ಚಿದರೂ ವಾರಗಟ್ಟಲೆ ತುರಿಕೆ ನಿಲ್ಲದಿದ್ದರೆ ಮಧುಮೇಹವೋ, ಮೂತ್ರಪಿಂಡದ ಅಥವಾ ಯಕೃತ್ತಿನ ದೋಷವೋ ಇರಬಹುದು. ರಸಾಯನಶಾಸ್ತ್ರವನ್ನು ಬೋಧಿಸುವ ನಾನು ಅದನ್ನು ನಿರ್ಣಯಿಸಲಾರೆ, ವೈದ್ಯರಿಗೆ ತೋರಿಸಬೇಕು.

ಆರಿಸಿದ ಎಣ್ಣೆಯನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ಒಂದೆರಡು ಮಾತು. ಲಿನೋಲಿಯಿಕ್ ಹೆಚ್ಚಿರುವ ಎಣ್ಣೆಗಳು ಚರ್ಮಕ್ಕೆ ಹಿತವಾದರೂ ಗಾಳಿ ಬೆಳಕುಗಳಿಗೆ ಬೇಗ ಕೆಡುತ್ತವೆ. ಅವನ್ನು ಸಣ್ಣ ಸೀಸೆಯಲ್ಲಿ, ಕತ್ತಲೆಯಲ್ಲಿ, ತಂಪಾದ ಕಡೆ ಇಡಬೇಕು. ತಾಮ್ರದ ಪಾತ್ರೆಯಲ್ಲಿ ಇಡಲೇಬಾರದು, ತಾಮ್ರವು ಎಣ್ಣೆ ಕೆಡುವುದನ್ನು ತ್ವರೆಗೊಳಿಸುತ್ತದೆ. ಕಮಟು ವಾಸನೆ ಬಂದ ಎಣ್ಣೆ ದೀಪಕ್ಕೆ ಸರಿ, ಮೈಗೆ ಸಲ್ಲದು. ಕೊಬ್ಬರಿ ಎಣ್ಣೆ ಮಾತ್ರ ಬಹುಕಾಲ ಬಾಳುತ್ತದೆ. ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ, ಬೆಂಗಳೂರಿನ ಮಾಗಿಯ ಬೆಳಗಿನಲ್ಲಿ ಗಟ್ಟಿಯಾದರೆ ಕೆಟ್ಟಿತೆಂದು ಭಾವಿಸಬೇಡಿರಿ. ಬಿಡಿಯಾಗಿ ಮಾರುವ ಎಣ್ಣೆಯನ್ನು ನಂಬಿಕೆಯ ಕಡೆಯಲ್ಲಿಯೇ ಕೊಳ್ಳಬೇಕು. 1998ರಲ್ಲಿ ದೆಹಲಿಯಲ್ಲಿ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದೆಣ್ಣೆ ಬೆರೆತ ಸಾಸುವೆ ಎಣ್ಣೆಯಿಂದ 60ಕ್ಕೂ ಹೆಚ್ಚು ಮಂದಿ ಸತ್ತರು. ಕಲಬೆರಕೆಗೆ ನಿಸರ್ಗವೂ ರಕ್ಷಣೆ ಕೊಡದು.

ಇದೇ ಕಾರಣದಿಂದ “ನೈಸರ್ಗಿಕ” ಎಂಬ ಮಾತಿಗೆ ಮಾರುಹೋಗಬಾರದೆಂದು ಹೇಳಬೇಕಾಗಿದೆ. ಬೀಜದಿಂದ ಹಿಂಡಿದ ಎಣ್ಣೆ ಬೇರೆ, ಹೂವು ಎಲೆ ಕಟ್ಟಿಗೆಗಳಿಂದ ಬಟ್ಟಿಯಿಳಿಸಿದ ಸುಗಂಧತೈಲ ಬೇರೆ. 1916ರಿಂದ ಮೈಸೂರು ಸಂಸ್ಥಾನದಲ್ಲಿ ತಯಾರಾಗತೊಡಗಿ ಜಗತ್ಪ್ರಸಿದ್ಧವಾದ ಶ್ರೀಗಂಧದ ಎಣ್ಣೆ ಎರಡನೆಯ ವರ್ಗದ್ದು. ಅದರ ಪರಿಮಳಕ್ಕೆ ನಾವು ಹೆಮ್ಮೆಪಡೋಣ. ಆದರೆ ಇಂಥ ತೈಲಗಳನ್ನು ಬೆರಕೆಯಿಲ್ಲದೆ ನೇರವಾಗಿ ಮೈಗೆ ಹಚ್ಚಿದರೆ ಉರಿಯೂ ಬೊಕ್ಕೆಯೂ ಎದ್ದಾವು. ಯಾವ ಎಣ್ಣೆಯೂ ಬಿಸಿಲಿಗೆ ಕೊಡೆಯಾಗಲಾರದೆಂಬುದನ್ನೂ ತಿಳಿದಿರಬೇಕು.

ಹೊಸ ಎಣ್ಣೆಯನ್ನು ಕೊಂಡಾಗ ಪರೀಕ್ಷಿಸುವ ಕ್ರಮ ಸುಲಭ. ಮೊಳಕೈಯ ಒಳಮಗ್ಗುಲಲ್ಲಿ ರೂಪಾಯಿಯಗಲದ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿರಿ. ಕೆಂಪು, ತುರಿಕೆ, ಗುಳ್ಳೆ ಯಾವುದೂ ಬಾರದಿದ್ದರೆ ಉಳಿದ ಕಡೆಗೆ ಹಚ್ಚಬಹುದು. ಸೀಸೆಯ ಮೇಲಿನ ನೂರು ಪ್ರಶಂಸೆಗಳಿಗಿಂತ ತಮ್ಮ ತೋಳು ಒಂದು ವಾರದಲ್ಲಿ ಕೊಡುವ ಸಾಕ್ಷ್ಯ ಹೆಚ್ಚು ನಂಬತಕ್ಕುದು.

ಇನ್ನು ಮುಂದೆ “ಯಾವ ಎಣ್ಣೆ ಒಳ್ಳೆಯದು?” ಎಂದು ಯಾರಾದರೂ ಕೇಳಿದರೆ, “ಯಾರ ಚರ್ಮಕ್ಕೆ? ಯಾವ ವಯಸ್ಸಿಗೆ? ಯಾವ ಕಾಲದಲ್ಲಿ?” ಎಂದು ಮರುಪ್ರಶ್ನೆ ಹಾಕಿರಿ. ಆ ಮೂರಕ್ಕೆ ಉತ್ತರ ದೊರೆತರೆ ಎಣ್ಣೆಯ ಹೆಸರು ತಾನಾಗಿಯೇ ಹೊಳೆಯುತ್ತದೆ. ಬಹುಶಃ ಅದು ತಮ್ಮ ಅಡಿಗೆಮನೆಯ ಗೂಡಿನಲ್ಲಿಯೇ ಇದ್ದೀತು. ಮನೆಯಲ್ಲಿ ಕೂಸು ಇರುವವರು ಮಾತ್ರ, ನಾಳೆ ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಒಂದು ಗಳಿಗೆ ನಿಂತು, ಅದರಲ್ಲಿರುವುದು ಯಾವ ಎಣ್ಣೆಯೆಂದು ನೋಡಬೇಕೆಂದು ಬೇಡಿಕೊಂಡು, ನನ್ನ ಈ ಭಾಷಣವನ್ನು ಮುಗಿಸುತ್ತೇನೆ.